ಪಿರಂಗುಟ್‌ನ ನಾಯಿ ವಸತಿಗೃಹದಲ್ಲಿ ನಮ್ಮ ಕೆಂಚಿಯ ಹನ್ನೊಂದು ದಿನ

ಪುಣೆಯ ಚಾಂದಣಿ ಚೌಕದಿಂದ ಪೌಡ್ ರಸ್ತೆ ಹಿಡಿದು, ಭೂಗಾಂವ್, ಭೂಕುಂ ದಾಟಿ, ಪಿರಂಗುಟ್ ಘಾಟಿ ಇಳಿದ ಮೇಲೆ ಬಲಕ್ಕೆ ಒಂದು ಮಣ್ಣಿನ ಹಾದಿ ಹೊರಳುತ್ತದೆ. ಆ ಹಾದಿಯ ಕೊನೆಗೆ, ಮಾವಿನ ತೋಪಿಗೆ ಅಂಟಿಕೊಂಡಂತೆ, ಊರಿಗೆ ಹೋಗುವವರು ತಮ್ಮ ನಾಯಿಗಳನ್ನು ಬಿಟ್ಟುಹೋಗುವ ಒಂದು ವಸತಿಗೃಹವಿದೆ. ನಮ್ಮ ಕೆಂಚಿ ಒಂದೂವರೆ ವರ್ಷದಲ್ಲಿ ಅಲ್ಲಿ ಮೂರು ಸಲ ಉಳಿದಿದ್ದಾಳೆ: ಮೊದಲು ಪರೀಕ್ಷೆಗೆಂದು ಒಂದು ಹಗಲು, ಆಮೇಲೆ ಮೂರು ದಿನ, ಕಡೆಗೆ ಈ ಬೇಸಿಗೆಯಲ್ಲಿ ಹನ್ನೊಂದು ದಿನ. ನಾಯಿಗೆ ಭಾವನೆಗಳಿವೆಯೇ ಎಂಬ ಪ್ರಶ್ನೆಯನ್ನು ಚಹಾ ಕುಡಿಯುತ್ತ ಎಷ್ಟು ಹೊತ್ತು ಬೇಕಾದರೂ ಚರ್ಚಿಸಬಹುದು. ಆದರೆ ಅದನ್ನು ಪರರ ಕೈಗೆ ಒಪ್ಪಿಸಿ ಊರಿನ ದಾರಿ ಹಿಡಿದವರಿಗೆ ಅದು ಚರ್ಚೆಯ ಮಾತಲ್ಲ. ಒಪ್ಪಿಸಿಕೊಂಡವರು ಆ ಪ್ರಶ್ನೆಗೆ ತಮ್ಮೊಳಗೆ ಕೊಟ್ಟುಕೊಂಡ ಉತ್ತರದ ಮೇಲೆಯೇ ಕೋಣೆಯ ಗೋಡೆ ಎಷ್ಟು ಎತ್ತರ, ಊಟ ಎಷ್ಟು ಹೊತ್ತಿಗೆ, ರಾತ್ರಿ ಯಾರು ಎಚ್ಚರವಿರಬೇಕು ಎಂಬುದೆಲ್ಲ ನಿಂತಿರುತ್ತದೆ. ಈ ಜಾಗದ ಬಗ್ಗೆ ಬರೆಯಬೇಕೆಂದು ನನಗೆ ಅನ್ನಿಸಿದ್ದು ಆ ಕಾರಣಕ್ಕೆ.

ಕೆಂಚಿ ಬೀದಿಯ ಮಗಳು. 2020ರ ಲಾಕ್‌ಡೌನ್‌ನಲ್ಲಿ ಕೋಥರೂಡಿನ ನಮ್ಮ ಸೊಸೈಟಿಯ ಗೇಟಿನ ಬಳಿ, ಮುಚ್ಚಿದ ಚಹಾ ಅಂಗಡಿಯ ಬೆಂಚಿನ ಕೆಳಗೆ ಸಿಕ್ಕಳು. ಧಾರವಾಡದಲ್ಲಿರುವ ಅವ್ವನನ್ನು ನೋಡಲು ನಾವು ವರ್ಷಕ್ಕೆ ಮೂರು ಸಲವಾದರೂ ಹೋಗಲೇಬೇಕು. ರೈಲಿನಲ್ಲಿ ನಾಯಿಯನ್ನು ಜೊತೆಗೆ ಕೂರಿಸಿಕೊಳ್ಳಬೇಕೆಂದರೆ ಹವಾನಿಯಂತ್ರಿತ ಮೊದಲ ದರ್ಜೆಯ ಕೂಪೆಯನ್ನು ಪೂರ್ತಿ ಕಾಯ್ದಿರಿಸಬೇಕು, ಇಲ್ಲವಾದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಹಾಕಬೇಕು. ಪುಣೆಯಿಂದ ಹುಬ್ಬಳ್ಳಿಗೆ ಹೋಗುವ ವಂದೇ ಭಾರತ್ ಕುರ್ಚಿಗಳ ರೈಲು, ಅದರಲ್ಲಿ ಕೂಪೆಯೇ ಇಲ್ಲ. ಕಾರಿನಲ್ಲಿ ಒಯ್ಯೋಣವೆಂದರೆ ಕಾತ್ರಜ್ ಸುರಂಗ ದಾಟುವಷ್ಟರಲ್ಲಿ ಅವಳಿಗೆ ವಾಂತಿ ಶುರುವಾಗುತ್ತದೆ. ಹೀಗಾಗಿ ಬಿಟ್ಟುಹೋಗುವುದು ನಮಗೆ ಅನಿವಾರ್ಯ.

ಇದಕ್ಕೂ ಮೊದಲು ನಾವು ಅವಳನ್ನು ನಗರದ ಒಳಗೇ ಇರುವ ಬೇರೊಂದು ಕಡೆ ಬಿಟ್ಟಿದ್ದೆವು. ಅದರ ಹೆಸರು ಹೇಳುವುದು ನನ್ನ ಉದ್ದೇಶವಲ್ಲ. ಮಹಡಿಯ ಮೇಲೆ ತಗಡಿನ ಸೂರು, ಸಾಲಾಗಿ ಹನ್ನೆರಡು ಜಾಲರಿಯ ಪಂಜರಗಳು, ಎದುರುಬದುರು ನಾಯಿಗಳು. ನೀರು ಇತ್ತು, ಅನ್ನ ಇತ್ತು, ನೆಲ ಶುಭ್ರವಾಗಿಯೇ ಇತ್ತು. ಅದು ಗಣೇಶನ ವಿಸರ್ಜನೆಯ ವಾರ. ಲಕ್ಷ್ಮೀ ರಸ್ತೆಯ ಮೆರವಣಿಗೆ ಹಗಲೂ ರಾತ್ರಿ ನಡೆಯುವ ಊರಿದು; ಸುತ್ತಲ ಬಡಾವಣೆಗಳಲ್ಲೂ ಢೋಲು-ತಾಶಾ ನಿಲ್ಲುವುದಿಲ್ಲ. ನಮ್ಮ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಯ ಕಿವಿ ಸುಮಾರು 45,000ದವರೆಗೆ ಕೇಳುತ್ತದೆ, ಮತ್ತು ಪಂಜರದೊಳಗಿನ ನಾಯಿಗೆ ಸದ್ದಿನಿಂದ ದೂರ ಓಡುವ ದಾರಿಯಿಲ್ಲ. ಐದನೆಯ ದಿನ ಕರೆತರಲು ಹೋದಾಗ ಕೆಂಚಿಯ ಮೂಗಿನ ಮೇಲ್ಭಾಗದ ಚರ್ಮ ಜಾಲರಿಗೆ ಉಜ್ಜಿ ಉಜ್ಜಿ ಸುಲಿದಿತ್ತು, ಮುಂಗಾಲಿನ ಎರಡು ಉಗುರು ಬುಡದಿಂದ ಮುರಿದಿದ್ದವು. ಕೇಳಿದ್ದಕ್ಕೆ, "ನಿಮ್ಮ ನಾಯಿ ಬಹಳ ಹಟಮಾರಿ. ಎರಡು ದಿನ ಹಟ ಮಾಡಿತು, ಆಮೇಲೆ ಸುಮ್ಮನಾಯಿತು" ಎಂದರು. ಅವರು ಹೇಳಿದ ಆ 'ಸುಮ್ಮನಾದದ್ದು' ಮನೆಗೆ ಬಂದ ಮೇಲೂ ಮುಗಿಯಲಿಲ್ಲ. ಮೂರು ವಾರ ಅವಳು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಕುಕ್ಕರಿನ ಸಿಳ್ಳೆ ಕೇಳಿದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಬಗ್ಗೆ ನಾನು ಓದಿದ್ದು ಆ ಮೂರು ವಾರಗಳಲ್ಲಿ. ಜಲ್ಲಿಕಟ್ಟು ಪ್ರಕರಣದಲ್ಲಿ 2014ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಪ್ರಾಣಿಗಳಿಗೆ ಐದು ಬಗೆಯ ಮುಕ್ತಿಗಳಿವೆ ಎಂದು ಹೇಳಿ, ಅವನ್ನು ಆ ಕಾಯ್ದೆಯೊಳಗೇ ಓದಿಕೊಳ್ಳಬೇಕು ಎಂದಿತ್ತು. ಹಸಿವು-ಬಾಯಾರಿಕೆಯಿಂದ ಮುಕ್ತಿ ಅವುಗಳಲ್ಲಿ ಒಂದು; ಭಯ ಮತ್ತು ಸಂಕಟದಿಂದ ಮುಕ್ತಿ ಮತ್ತೊಂದು. ಮಹಡಿಯ ಮೇಲಿನವರು ಮೊದಲನೆಯದನ್ನು ಪೂರ್ತಿ ಕೊಟ್ಟಿದ್ದರು. ಎರಡನೆಯದೊಂದು ಇದೆಯೆಂದು ಅವರಿಗೆ ಅನ್ನಿಸಿರಲೇ ಇಲ್ಲ.

ಪಿರಂಗುಟ್‌ಗೆ ಮೊದಲ ಸಲ ಫೋನ್ ಮಾಡಿದಾಗ ಅದನ್ನು ನಡೆಸುವ ಮಹಿಳೆ ದಿನದ ದರ ಹೇಳುವ ಮುಂಚೆ ಅರ್ಧ ಗಂಟೆ ಪ್ರಶ್ನೆಗಳನ್ನೇ ಕೇಳಿದರು. ಯಾವ ಸದ್ದಿಗೆ ಹೆದರುತ್ತಾಳೆ? ಹೆದರಿದಾಗ ಎಲ್ಲಿಗೆ ಹೋಗುತ್ತಾಳೆ, ಮಂಚದ ಕೆಳಗೋ ಬಚ್ಚಲಿಗೋ? ಯಾರಾದರೂ ಬಗ್ಗಿ ಮೇಲಿನಿಂದ ತಲೆ ಸವರಿದರೆ ತುಟಿ ನೆಕ್ಕಿಕೊಳ್ಳುತ್ತಾಳೆಯೇ, ಆಕಳಿಸುತ್ತಾಳೆಯೇ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತಾಳೆಯೇ? ನಿದ್ದೆ ಬಂದಾಗಲಲ್ಲದೆ ನಾಯಿ ಆಕಳಿಸಿದರೆ ಅದು ಬಹುಮಟ್ಟಿಗೆ ಕಸಿವಿಸಿಯ ಗುರುತು ಎಂಬುದು ನಾಲ್ಕು ವರ್ಷ ನಾಯಿ ಸಾಕಿದ್ದ ನನಗೆ ಆ ಹೊತ್ತಿನವರೆಗೆ ಗೊತ್ತಿರಲಿಲ್ಲ. ಕಡೆಯ ಪ್ರಶ್ನೆ ನನಗೆ ಇನ್ನೂ ಹಿಡಿಸಿತು: "ನೀವು ಅವಳ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತೀರಿ?" ಕನ್ನಡದಲ್ಲಿ ಎಂದೆ. ಹಾಗಾದರೆ ಅವಳಿಗೆ ತಿಳಿಯುವ ಮಾತುಗಳನ್ನೆಲ್ಲ ದೇವನಾಗರಿಯಲ್ಲಿ ಬರೆದು ತನ್ನಿ, ಪಕ್ಕದಲ್ಲಿ ಮರಾಠಿ ಅರ್ಥ ಬರೆಯಿರಿ ಎಂದರು. 'ಬಾ', 'ಕೂಡ್ರು', 'ತಡಿ', 'ಹಾಲು', 'ಹೋಗೋಣೇನು', 'ಜಾಣಿ' ಹೀಗೆ ಹತ್ತೊಂಬತ್ತು ಮಾತುಗಳಾದವು.

ಇದು ಬರೀ ಉಪಚಾರದ ಮಾತಲ್ಲ ಎಂಬುದಕ್ಕೆ ಆಧಾರವಿದೆ. ಬುಡಾಪೆಸ್ಟಿನ ವಿಶ್ವವಿದ್ಯಾಲಯವೊಂದರ ಸಂಶೋಧಕರು 18 ನಾಯಿಗಳಿಗೆ ಎಮ್‌ಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗುವುದನ್ನು ಕಲಿಸಿ, ಅವುಗಳಿಗೆ ಸ್ಪ್ಯಾನಿಷ್ ಮತ್ತು ಹಂಗೇರಿಯನ್ ಮಾತುಗಳನ್ನು ಕೇಳಿಸಿದರು. ಮನೆಯಲ್ಲಿ ಕೇಳಿ ಬೆಳೆದ ಭಾಷೆಗೂ ಕೇಳಿಯೇ ಇರದ ಭಾಷೆಗೂ ನಾಯಿಯ ಮಿದುಳು ಬೇರೆ ಬೇರೆಯಾಗಿ ಸ್ಪಂದಿಸುತ್ತದೆ ಎಂದು 2022ರಲ್ಲಿ ಪ್ರಕಟಿಸಿದರು. ಆ ಪ್ರಶ್ನೆ ಎತ್ತಿದ ಸಂಶೋಧಕಿ ಲೌರಾ ಕುವಾಯಾ ಸ್ವತಃ ತಮ್ಮ ನಾಯಿಯೊಂದಿಗೆ ಮೆಕ್ಸಿಕೋದಿಂದ ಹಂಗೇರಿಗೆ ವಲಸೆ ಬಂದವರು. ಸುತ್ತಲಿನವರ ಭಾಷೆ ಬದಲಾದದ್ದು ತನ್ನ ನಾಯಿಗೆ ತಿಳಿದಿದೆಯೇ ಎಂಬುದೇ ಅವರ ಕುತೂಹಲವಾಗಿತ್ತು. ಅದೇ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಇನ್ನೊಂದು ವಿಷಯ ತೋರಿಸಿತ್ತು: ಹೊಗಳುವ ಮಾತು ಮತ್ತು ಹೊಗಳುವ ದನಿ ಎರಡೂ ಕೂಡಿ ಬಂದಾಗಲೇ ನಾಯಿಯ ಮಿದುಳಿನಲ್ಲಿ ಸುಖಕ್ಕೆ ಸಂಬಂಧಿಸಿದ ಭಾಗಗಳು ಚುರುಕಾಗುತ್ತವೆ. ಪುಣೆಯ ಕನ್ನಡ ಮನೆಯಲ್ಲಿ ಬೆಳೆದ ನಾಯಿಯನ್ನು ಪೂರಾ ಮರಾಠಿ ಅಂಗಳದಲ್ಲಿ ಬಿಡುವಾಗ ಇದು ಸಣ್ಣ ಸಂಗತಿಯಲ್ಲ. ಅಲ್ಲಿನ ಕೆಲಸದ ಹುಡುಗ, ಮುಳಶಿ ಕಡೆಯವನು, ನನ್ನ ಚೀಟಿಯನ್ನು ಬಾಗಿಲಿಗೆ ಅಂಟಿಸಿಕೊಂಡು 'ಹೋಗೋಣೇನು' ಎಂಬುದನ್ನು ನಮ್ಮ ರಾಗದಲ್ಲೇ ಎಳೆದು ಹೇಳಲು ಕಲಿತಿದ್ದ. ಮೂರನೆಯ ವಾಸದ ಎರಡನೆಯ ಬೆಳಿಗ್ಗೆ ಅವನು ಕಳಿಸಿದ ವಿಡಿಯೊದಲ್ಲಿ, ಗೋಡೆಗೆ ಮುಖ ಮಾಡಿ ಮಲಗಿದ್ದ ಕೆಂಚಿ ಆ ಮಾತು ಕೇಳಿದ ಕೂಡಲೇ ಒಂದು ಕಿವಿ ಎತ್ತಿದಳು. ಎದ್ದು ಬರಲಿಲ್ಲ. ಬಾಲದ ತುದಿ ಮಾತ್ರ ನೆಲಕ್ಕೆ ಎರಡು ಸಲ ತಾಗಿತು. ಅವನು ಹತ್ತಿರ ಹೋಗಲಿಲ್ಲ, ಹಗ್ಗ ಹಿಡಿಯಲಿಲ್ಲ. ಅಲ್ಲೇ ಪಕ್ಕಕ್ಕೆ ತಿರುಗಿ ಕುಕ್ಕುರುಗಾಲಲ್ಲಿ ಕುಳಿತು ಕಾಯ್ದ. ನಾಲ್ಕು ನಿಮಿಷದ ಆ ವಿಡಿಯೊದ ಕೊನೆಗೆ ಅವಳು ಮೈ ಒದರಿಕೊಂಡು ಎದ್ದು ಅವನ ಮೊಣಕೈ ಮೂಸುತ್ತಾಳೆ.

ಬಿಡಲು ಹೋಗುವಾಗ ಒಗೆಯದ ಹಾಸಿಗೆ ಬಟ್ಟೆಯೊಂದನ್ನು ತರಬೇಕೆಂಬುದು ಅಲ್ಲಿನ ಮತ್ತೊಂದು ನಿಯಮ. ಮೈಲಿಗೆ ಬಟ್ಟೆಯನ್ನು ಇನ್ನೊಬ್ಬರ ಮನೆಗೆ ಒಯ್ಯುವುದು ಹೇಗೆಂದು ನನ್ನ ಹೆಂಡತಿ ಮೊದಲ ಸಲ ಸಂಕೋಚಪಟ್ಟಳು. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು 12 ನಾಯಿಗಳಿಗೆ ಬೇರೆ ಬೇರೆ ವಾಸನೆಗಳನ್ನು ತೋರಿಸಿ ಮಿದುಳಿನ ಚಿತ್ರ ತೆಗೆದ ಅಧ್ಯಯನ 2015ರಲ್ಲಿ ಪ್ರಕಟವಾಗಿದೆ. ಅಪರಿಚಿತ ಮನುಷ್ಯನ ವಾಸನೆ, ಪರಿಚಿತ ನಾಯಿಯ ವಾಸನೆ, ತನ್ನದೇ ವಾಸನೆ, ಇವೆಲ್ಲಕ್ಕಿಂತ ಪರಿಚಿತ ಮನುಷ್ಯನ ವಾಸನೆಗೆ, ಆ ಮನುಷ್ಯ ಅಲ್ಲಿ ಇರದಿದ್ದರೂ, ಮಿದುಳಿನ ಕಾಡೇಟ್ ಎಂಬ ಭಾಗ ಹೆಚ್ಚು ಚುರುಕಾಯಿತು. ಒಳ್ಳೆಯದೇನೋ ಬರಲಿದೆ ಎಂಬ ನಿರೀಕ್ಷೆಯೊಂದಿಗೆ ನಂಟಿರುವ ಭಾಗ ಅದು. ಕೆಂಚಿ ಆ ಬಟ್ಟೆಯನ್ನು ಕೋಣೆಯ ಮೂಲೆಗೆ ಎಳೆದುಕೊಂಡು ಹೋಗಿ, ಮೂರು ಸುತ್ತು ಸುತ್ತಿ, ಮೂಗನ್ನು ಅದರ ಮಡಿಕೆಯೊಳಗೆ ತೂರಿಸಿ ಮಲಗುತ್ತಾಳೆಂದು ಅವರು ಬರೆದಿದ್ದರು. ಹನ್ನೊಂದು ದಿನವೂ ಅವರು ಅದನ್ನು ಒಗೆಯಲಿಲ್ಲ.

ಇನ್ನು ವ್ಯವಸ್ಥೆ. ಒಂದು ಹೊತ್ತಿಗೆ ಹದಿನಾಲ್ಕಕ್ಕಿಂತ ಹೆಚ್ಚು ನಾಯಿಗಳನ್ನು ಸೇರಿಸಿಕೊಳ್ಳುವುದಿಲ್ಲ. ಕೋಣೆಗಳು ಇಟ್ಟಿಗೆಯವು, ಒಂದರಿಂದ ಇನ್ನೊಂದು ಕಾಣದಂತೆ ಗೋಡೆ ಎಬ್ಬಿಸಿದ್ದಾರೆ, ಪ್ರತಿ ಕೋಣೆಯಲ್ಲೂ ಅಡಗಿಕೊಳ್ಳಲು ಮರದ ಪೆಟ್ಟಿಗೆಯಿದೆ. ಅನ್ನ, ಕೋಳಿ, ಕುಂಬಳಕಾಯಿ ಬೇಯಿಸಿ ಹಾಕುತ್ತಾರೆ. ನಾವು ಕೊಟ್ಟ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಲೂ ಒಪ್ಪಿದರು. ರಾತ್ರಿ ಒಬ್ಬರು ಅಲ್ಲೇ ಮಲಗುತ್ತಾರೆ. ದಿನಕ್ಕೆ 950 ರೂಪಾಯಿ.

ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಅವರು ದಿನವೂ ಸಂಜೆ ಕಳಿಸುವ ಬರಹವನ್ನು. ಮಹಡಿಯ ಮೇಲಿನವರು ಪ್ರತಿದಿನ 'ನಿಮ್ಮ ಮುದ್ದು ಇವತ್ತು ತುಂಬಾ ಖುಷಿಯಾಗಿದೆ' ಎಂಬ ಒಂದೇ ಸಾಲನ್ನು, ಒಂದೇ ಬಗೆಯ ಚಿತ್ರದೊಂದಿಗೆ ಕಳಿಸುತ್ತಿದ್ದರು. ಇಲ್ಲಿನ ಬರಹದಲ್ಲಿ ಖುಷಿ, ದುಃಖ ಎಂಬ ಪದಗಳೇ ಇರುವುದಿಲ್ಲ. 'ಬೆಳಗಿನ ಊಟ ಅರ್ಧ ಬಿಟ್ಟಳು. ಹನ್ನೊಂದರಿಂದ ಒಂದರವರೆಗೆ ಮಗ್ಗುಲಾಗಿ, ಕಾಲು ಚಾಚಿ ಮಲಗಿದಳು. ನಾಲ್ಕಕ್ಕೆ ಹಳ್ಳಿಯಲ್ಲಿ ಮದುವೆಯ ಪಟಾಕಿ; ಪೆಟ್ಟಿಗೆಗೆ ಹೋದಳು, ಇಪ್ಪತ್ತು ನಿಮಿಷ ಏದುಸಿರು, ಆಮೇಲೆ ನೀರು ಕುಡಿದಳು.' ಕಾರಣ ಕೇಳಿದೆ. ನಡೆದದ್ದನ್ನು ಬರೆದರೆ ನಾಳೆ ಏನು ಮಾಡಬೇಕೆಂದು ತಿಳಿಯುತ್ತದೆ, ನಮಗೆ ಅನ್ನಿಸಿದ್ದನ್ನು ಬರೆದರೆ ತಿಳಿಯುವುದಿಲ್ಲ ಎಂದರು. ನಾಯಿಗೆ ಭಾವನೆ ಇಲ್ಲ ಎನ್ನುವವರ ಮಾತಲ್ಲ ಇದು. ಅದಕ್ಕೆ ಭಾವನೆ ಇದೆ ಎಂದು ಗಟ್ಟಿಯಾಗಿ ನಂಬಿ, ನಾವು ಅದರ ಮುಖದಲ್ಲಿ ಓದುವುದೆಲ್ಲ ಅದರದ್ದೇ ಎಂದು ನಂಬಲು ಹಿಂಜರಿಯುವವರ ಮಾತು. ಈ ಎರಡೂ ಒಂದೇ ಕಡೆ ಕೂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹನ್ನೊಂದು ದಿನಗಳ ವಾಸದಲ್ಲಿ ಕೆಂಚಿ ಅವರ ಹತ್ತಿಯ ಗಾದಿಯೊಂದನ್ನು ಹರಿದು ಹಾಕಿದಳು. ಫೋನಿನಲ್ಲಿ ಕ್ಷಮೆ ಕೇಳುತ್ತ ನಾನು, "ಅವಳಿಗೆ ತಪ್ಪು ಮಾಡಿದ್ದು ಗೊತ್ತಾಗುತ್ತದೆ, ನೋಡಿ, ಮುಖ ಸಣ್ಣದು ಮಾಡಿಕೊಂಡಿರುತ್ತಾಳೆ" ಎಂದೆ. ಅವರು ಒಪ್ಪಲಿಲ್ಲ. ನೀವು ಮನೆಯಲ್ಲಿ ಗದರಿಸುತ್ತೀರೇನು ಎಂದು ಮೆಲ್ಲಗೆ ಕೇಳಿದರು. ಹೌದು, ಗದರಿಸಿದ್ದೇನೆ, ಚಪ್ಪಲಿ ಕಚ್ಚಿದಾಗ, ಸೋಫಾ ಹರಿದಾಗ, ಎಷ್ಟೋ ಸಲ. ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಆ ದಿನ ಅವರಿಂದಲೇ ಕೇಳಿದೆ, ಆಮೇಲೆ ಓದಿದೆ. 14 ನಾಯಿಗಳ ಮುಂದೆ ತಿಂಡಿ ಇಟ್ಟು, ತಿನ್ನಬೇಡವೆಂದು ಹೇಳಿ ಒಡೆಯರು ಕೋಣೆಯಿಂದ ಹೊರಗೆ ಹೋಗುತ್ತಿದ್ದರು. ತಿರುಗಿ ಬಂದಾಗ ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು ಹೇಳಿ, ನಾಯಿ ತಿಂದಿದೆಯೋ ಇಲ್ಲವೋ ಎಂದು ಒಡೆಯರಿಗೆ ತಿಳಿಸಲಾಗುತ್ತಿತ್ತು, ತಿಂದಿದೆ ಎಂದು ನಂಬಿದವರು ಅದನ್ನು ಬೈಯುತ್ತಿದ್ದರು. ತಲೆ ತಗ್ಗಿಸಿ, ಬಾಲ ಮಡಚಿ, ಕಣ್ಣು ತಪ್ಪಿಸುವ ಆ 'ತಪ್ಪಿತಸ್ಥ ಮುಖ' ತಿಂದ ನಾಯಿಗಳಲ್ಲಿ ಹೆಚ್ಚಾಗಿ ಕಾಣಲಿಲ್ಲ. ಬೈಸಿಕೊಂಡ ನಾಯಿಗಳಲ್ಲಿ ಕಂಡಿತು, ಅದರಲ್ಲೂ ಏನೂ ತಿನ್ನದೆ ಬೈಸಿಕೊಂಡವುಗಳಲ್ಲಿ ಇನ್ನಷ್ಟು ಎದ್ದು ಕಂಡಿತು. ಅಂದರೆ ಇಷ್ಟು ವರ್ಷ ನಾನು ಪಶ್ಚಾತ್ತಾಪವೆಂದು ಓದಿಕೊಂಡು, 'ಗೊತ್ತಾಯಿತಲ್ಲ, ಸಾಕು' ಎಂದು ಸಮಾಧಾನಪಟ್ಟುಕೊಂಡದ್ದು ನನ್ನ ದನಿಗೆ ಅವಳು ಪಡುತ್ತಿದ್ದ ಭಯ. ಇದನ್ನು ಬರೆಯುವಾಗ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗಾದಿಯ ದುಡ್ಡನ್ನು ಅವರು ತೆಗೆದುಕೊಳ್ಳಲಿಲ್ಲ. ಗಾದಿ ಹರಿದದ್ದು ಪಟಾಕಿಯ ಮರುದಿನ ಎಂದಷ್ಟೇ ತೋರಿಸಿ, ಆ ರಾತ್ರಿಯಿಂದ ಅವಳನ್ನು ಮನೆಯೊಳಗಿನ ಕೋಣೆಗೆ ಸ್ಥಳಾಂತರಿಸಿದರು.

ಅವರ ಸೇವೆಯಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಕೇಳಿದವರಿಗೆ ವಿಡಿಯೊ ಕರೆ ಮಾಡಿ ನಾಯಿಗೆ ಮನೆಯವರನ್ನು ತೋರಿಸುತ್ತಾರೆ. ಏಳನೆಯ ದಿನ ಧಾರವಾಡದ ಪಡಸಾಲೆಯಲ್ಲಿ ಅವ್ವನನ್ನೂ ಕೂರಿಸಿಕೊಂಡು ನಾವು ಕರೆ ಮಾಡಿದೆವು. "ಕೆಂಚೀ" ಎಂದ ಕೂಡಲೇ ಅವಳ ಬಾಲ ಬೀಸಿತು. ಪರದೆಯನ್ನು ಅವಳು ನೋಡಲಿಲ್ಲ. ಫೋನಿನ ಹಿಂದೆ ಹೋಗಿ ಮೂಸಿದಳು. ಅಲ್ಲಿ ಆ ಹುಡುಗನ ಅಂಗೈ ಇತ್ತು, ನಾವಿರಲಿಲ್ಲ. ನಾವು ಮತ್ತೆ ಕರೆದೆವು, ಅವಳು ಮತ್ತೆ ಹಿಂದೆ ಹೋದಳು. ಆಮೇಲೆ ಗೇಟಿನ ಕಡೆ ಓಡಿದಳು. ಅಂದಿನ ಸಂಜೆಯ ಬರಹದಲ್ಲಿ ಹೀಗಿತ್ತು: 'ಕರೆಯ ನಂತರ ಐವತ್ತು ನಿಮಿಷ ಗೇಟಿನ ಬಳಿ ನಿಂತಿದ್ದಳು, ನಡುನಡುವೆ ಕುಂಯ್‌ಗುಟ್ಟಿದಳು. ರಾತ್ರಿ ಊಟ ಮುಟ್ಟಲಿಲ್ಲ.' ದನಿ ಇದೆ, ವಾಸನೆ ಇಲ್ಲ. ಮೂಗಿನಿಂದ ಲೋಕವನ್ನು ಅರಿಯುವ ಜೀವಕ್ಕೆ ನಾವು ಏನು ಮಾಡಿದೆವೆಂದು ನನಗೆ ಆಗ ಹೊಳೆಯಿತು. ಆ ಕರೆ ನಮ್ಮ ಸಮಾಧಾನಕ್ಕೆ ಮಾಡಿದ್ದು. ನಡೆದದ್ದನ್ನು ಇಷ್ಟು ಪ್ರಾಮಾಣಿಕವಾಗಿ ಬರೆಯಬಲ್ಲವರು ಈ ಸೌಲಭ್ಯವನ್ನೇ ನಿಲ್ಲಿಸಬೇಕೆಂದು ನಾನು ಅವರಿಗೆ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ಎರಡನೆಯ ಕೊರತೆ ಬೆಕ್ಕುಗಳದ್ದು. ನಾಯಿಗಳ ಅಂಗಳಕ್ಕೆ ತಾಗಿದ ಗೋಡೆಯ ಆಚೆ ಬೆಕ್ಕುಗಳಿಗೆ ಮೂರು ಕೋಣೆಗಳನ್ನು ಮಾಡಿದ್ದಾರೆ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಪರಿಚಯವಾದ ಬೆಳಗಾವಿಯ ಕುಟುಂಬವೊಂದು ನನ್ನ ಮಾತು ಕೇಳಿ ತಮ್ಮ ಬೆಕ್ಕನ್ನು ಅಲ್ಲಿ ಬಿಟ್ಟಿತು. ಬೆಕ್ಕು ಹೆದರಿದರೆ ಬಹುಮಟ್ಟಿಗೆ ಕೂಗುವುದಿಲ್ಲ, ಜಾಲರಿಗೆ ಮೂಗು ಉಜ್ಜುವುದಿಲ್ಲ. ಹೊಟ್ಟೆಯ ಕೆಳಗೆ ಕಾಲು ಮಡಚಿ, ಕಿವಿ ಅಡ್ಡಕ್ಕೆ ಚಪ್ಪಟೆ ಮಾಡಿ, ಕಲ್ಲಿನಂತೆ ಕೂರುತ್ತದೆ, ಊಟ ಬಿಡುತ್ತದೆ. ನೋಡಿದವರಿಗೆ ಶಾಂತವಾಗಿದೆ ಎನ್ನಿಸುತ್ತದೆ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದು ಪ್ರಾಣಕ್ಕೇ ಎರವಾಗಬಹುದು, ಆದ್ದರಿಂದ ಆ ಮೌನ ನಾಯಿಯ ಬೊಗಳಿಕೆಗಿಂತ ಅಪಾಯದ್ದು. ಎರಡನೆಯ ದಿನವೇ ಇವರು ಫೋನ್ ಮಾಡಿ ತಿಳಿಸಿದರು, ಮನೆಯವರು ಬೆಳಗಾವಿಯಿಂದ ಹೊರಟು ಬಂದರು, ಬೆಕ್ಕು ಉಳಿಯಿತು. ತಿಳಿಸಿದ್ದು ಸರಿ, ಆದರೆ ಹದಿನಾಲ್ಕು ನಾಯಿಗಳ ಸದ್ದು, ವಾಸನೆ ಸದಾ ಬರುವ ಗೋಡೆಯ ಪಕ್ಕದಲ್ಲಿ ಬೆಕ್ಕುಗಳನ್ನು ಇಡುವುದೇ ತಪ್ಪು. ಮನುಷ್ಯನ ಕಿವಿಗೆ ಬೀಳದ್ದರಿಂದಲೇ ಎಷ್ಟೋ ಪ್ರಾಣಿಗಳ ಭಾವ ನಮ್ಮ ಲೆಕ್ಕಕ್ಕೆ ಬಂದಿಲ್ಲ. ಇಲಿಗಳು ಆಡುವಾಗ, ಕಚಗುಳಿ ಇಟ್ಟಾಗ 50,000 ಹರ್ಟ್ಸ್‌ನ ಆಸುಪಾಸಿನಲ್ಲಿ ಚಿಲಿಪಿಲಿಗುಟ್ಟುತ್ತವೆ ಎಂದು ನರವಿಜ್ಞಾನಿ ಯಾಕ್ ಪ್ಯಾಂಕ್ಸೆಪ್ ತೋರಿಸುವವರೆಗೆ ಇಲಿಗೂ ಒಂದು ಬಗೆಯ ಹಿಗ್ಗು ಇದ್ದೀತೆಂದು ಯಾರು ಯೋಚಿಸಿದ್ದರು? ಬೆಕ್ಕಿನ ವಿಷಯದಲ್ಲಿ ಯಂತ್ರವೂ ಬೇಕಿಲ್ಲ, ಕಿವಿಯನ್ನು ನೋಡಿದರೆ ಸಾಕು. ಬೆಕ್ಕು ಸಾಕಿದವರಿಗೆ ಈ ಜಾಗವನ್ನು ನಾನು ಸೂಚಿಸುವುದಿಲ್ಲ.

ಮಳೆಗಾಲದಲ್ಲಿ ಕಡೆಯ ಒಂದು ಕಿಲೋಮೀಟರ್ ಹಾದಿ ಕೆಸರು, ಸಣ್ಣ ಕಾರು ಹೂತುಕೊಳ್ಳುತ್ತದೆ. ಪಶುವೈದ್ಯರು ಕರೆದರೆ ಬರುತ್ತಾರೆ, ಆದರೆ ರಾತ್ರಿ ತುರ್ತಾದರೆ ಪುಣೆಗೇ ಓಡಬೇಕು. ವಯಸ್ಸಾದ, ಔಷಧಿ ನಡೆಯುತ್ತಿರುವ ನಾಯಿಯಿದ್ದವರು ಇದನ್ನು ಯೋಚಿಸಬೇಕು.

ನಮ್ಮ ಅಣ್ಣ ಧಾರವಾಡದಲ್ಲಿ ಈ 950 ರೂಪಾಯಿಯ ಲೆಕ್ಕ ಕೇಳಿ, "ನಾಯಿಗೆ ಹಸಿವು, ನಿದ್ದೆ ಬಿಟ್ಟರೆ ಮತ್ತೇನಿರುತ್ತದೋ?" ಎಂದ. ಡಾರ್ವಿನ್ 1872ರಲ್ಲೇ ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಒಟ್ಟಿಗೆ ಇಟ್ಟು ನೋಡಿದ್ದನ್ನೂ, 2012ರ ಜುಲೈನಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ್ದ ನರವಿಜ್ಞಾನಿಗಳು ಎಲ್ಲ ಸಸ್ತನಿಗಳಲ್ಲೂ ಹಕ್ಕಿಗಳಲ್ಲೂ ಪ್ರಜ್ಞೆಗೆ ಬೇಕಾದ ನರವ್ಯವಸ್ಥೆ ಇದೆ ಎಂದು ಘೋಷಿಸಿದ್ದನ್ನೂ ಅವನಿಗೆ ಹೇಳಿದೆ. ಅವನು ತಲೆಯಾಡಿಸಿದ, ಒಪ್ಪಿದಂತೆ ಕಾಣಲಿಲ್ಲ. ಆಮೇಲೆ ಮಹಡಿಯ ಮೇಲಿನಿಂದ ಕರೆತಂದ ದಿನದ ಕೆಂಚಿಯ ಮೂಗಿನ ಚಿತ್ರ, ಹನ್ನೊಂದನೆಯ ದಿನ ಪಿರಂಗುಟ್‌ನಿಂದ ಬಂದ ಚಿತ್ರ, ಎರಡನ್ನೂ ತೋರಿಸಿದೆ. ಅವನು ಮೊದಲನೆಯದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ.

ಕರೆತರಲು ಹೋದ ದಿನ ಕೆಂಚಿ ಕಾರಿನ ಸದ್ದಿಗೇ ಗೇಟಿಗೆ ಬಂದಿದ್ದಳು. ಕುಣಿದಳು, ಸುತ್ತಿದಳು, ನನ್ನ ಹೆಂಡತಿಯ ಸೀರೆಯ ನೆರಿಗೆಯೊಳಗೆ ಮುಖ ಹುದುಗಿಸಿ ದೀರ್ಘವಾಗಿ ಮೂಸಿದಳು. ಹತ್ತಿಸಲೆಂದು ನಾನು ಬಾಗಿಲು ತೆರೆದಾಗ ತಿರುಗಿ ಓಡಿ, ಅಂಗಳದ ಆಚೆ ಪಾತ್ರೆ ತೊಳೆಯುತ್ತಿದ್ದ ಆ ಹುಡುಗನ ಮೊಣಕೈ ಮೂಸಿ, ಮತ್ತೆ ಬಂದು ತಾನಾಗಿಯೇ ಹತ್ತಿದಳು. ಆ ಸಂಜೆ ಮನೆಯಲ್ಲಿ ಕುಕ್ಕರ್ ಮೂರು ಸಲ ಕೂಗಿತು. ಅವಳು ತಲೆ ಎತ್ತಿ ನೋಡಿ ಮತ್ತೆ ಮಲಗಿದಳು.

ದೀಪಾವಳಿಗೆ ಎರಡು ತಿಂಗಳು ಮೊದಲೇ ಜಾಗ ಕೇಳಿಡಬೇಕು, ಹೊಸಬರಾದರೆ ಅದಕ್ಕೂ ಮುಂಚೆ ಒಂದು ಹಗಲಿನ ಪರೀಕ್ಷೆ ಮುಗಿಸಿರಬೇಕು. ನಾವು ಕೇಳಿಟ್ಟಿದ್ದೇವೆ. ಮಾತುಗಳ ಚೀಟಿಗೆ 'ಅಜ್ಜಿ' ಎಂಬುದನ್ನು ಸೇರಿಸಿದ್ದೇವೆ. ಹೊರಡುವ ವಾರ ಹಾಸಿಗೆ ಬಟ್ಟೆಯೊಂದನ್ನು ಒಗೆಯದೆ ತೆಗೆದಿಡಲು ನನ್ನ ಹೆಂಡತಿ ಈಗಲೇ ನೆನಪು ಮಾಡುತ್ತಿದ್ದಾಳೆ.